ಸುಮ್ಮನೆ ಮನೆಯಲ್ಲಿರುವವಳು

ಏನೂ ಕೆಲಸವಿಲ್ಲದವರಷ್ಟು ದಣಿದವರು ಈ ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ. ಅನುಮಾನವಿದ್ದರೆ ಆಗಿನ ನನ್ನ ಮುಖವನ್ನು ನೀವು ನೋಡಬೇಕಿತ್ತು. ನಮ್ಮ ಯಜಮಾನರು ಕೊಳ್ಳೇಗಾಲದಲ್ಲೇ ಗುಮಾಸ್ತರು. ಸಂಜೆ ಬಂದು ಅಂಗಿ ಕಳಚುತ್ತಾ, "ನೀನೇ ಪುಣ್ಯವಂತೆ ಕಣೆ, ಸುಮ್ನೆ ಮನೇಲಿರ್ತೀಯ" ಎನ್ನುತ್ತಿದ್ದರು. ಅವರು ಹಾಗೆನ್ನುವ ಹೊತ್ತಿಗೆ ನಮ್ಮ ಎರಡೂವರೆ ವರ್ಷದ ಶಿವು, ರಾಗಿ ಹಿಟ್ಟನ್ನು ತಲೆಗೆ ಸುರಿದುಕೊಂಡು ಅವರ ಚಪ್ಪಲಿಯನ್ನು ನೀರಿನ ಹಂಡೆಗೆ ಹಾಕಿರುತ್ತಿದ್ದ. ಅವನ ಹಿಂದೆ ನಾನು ಸುಮ್ಮನೆ ಓಡುತ್ತಿದ್ದೆ. ನನಗೆ ಒಡವೆ ಬೇಡ, ರೇಷ್ಮೆ ಸೀರೆ ಬೇಡ. ಊರ ತುಂಬ ರೇಷ್ಮೆಯಿದ್ದರೂ ಅದು ನನ್ನ ಮೈಮೇಲೆ ಬಂದದ್ದು ಮದುವೆಯ ದಿನ ಮಾತ್ರ, ಅದು ಬೇರೆ ಮಾತು. ಒಂದೇ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಿದ್ದೆ ಮಾಡಬೇಕು, ಅಷ್ಟೆ. ಇದನ್ನು ಹೇಳುವಾಗ ಈಗಲೂ ಅಳು ಬರುತ್ತದೆ.

ಹೀಗಿರುವಾಗ ನಮ್ಮ ಬೀದಿಯ ಕೊನೆಯಲ್ಲಿ ಬಾಲವಾಡಿ ತೆರೆಯಿತು. ಮಕ್ಕಳನ್ನು ಬಿಟ್ಟಿಯಾಗಿ ನೋಡಿಕೊಂಡು ಮೇಲೆ ಒಂದು ಲೋಟ ಹಾಲನ್ನೂ ಕೊಡುತ್ತಾರಂತೆ! ಆದರೆ ರೇಷ್ಮೆಗೂಡಿನ ನೂಲು ಬಿಚ್ಚಲೋ, ಮಗ್ಗಕ್ಕೋ, ಎಲ್ಲಾದರೂ ಹೊರಗೆ ದುಡಿಯಲು ಹೋಗುವ ತಾಯಂದಿರ ಮಕ್ಕಳಿಗೆ ಮಾತ್ರ. "ಸರಿಯಾಗೇ ಇದೆ," ಎಂದರು ನಮ್ಮವರು. "ಮನೇಲಿರೋರಿಗೆ ಸರ್ಕಾರ ಯಾಕೆ ಸಹಾಯ ಮಾಡ್ಬೇಕು? ನೋಡ್ಕೊಳ್ಳೋಕೆ ಅವರೇ ಇದ್ದಾರಲ್ಲ!" ಆ ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ. ಮರೆತಲ್ಲ, ಬೇಕೆಂದೇ.

ಪಕ್ಕದ ಮನೆಯ ಪುಟ್ಟತಾಯಮ್ಮನದೂ ನನ್ನದೇ ಪಾಡು. ಹೂಗ್ಯಂ ಕಡೆಯ ಹೆಣ್ಣು, ಅವಳ ಮಗ ಮಾದೇಶ ನಮ್ಮ ಶಿವುವಿಗೆ ಅಣ್ಣನಾಗುವಷ್ಟು ತುಂಟ. ಅವಳೇ ದಾರಿ ಹುಡುಕಿದಳು. "ಅಯ್, ಅದ್ಕ್ಯಾಕಕ್ಕಾ ಅಳ್ತೀರಿ? ನಿಮ್ ಕೂಸ ನಾ ನೋಡ್ಕತ್ತೀನಿ, ನನ್ ಕೂಸ ನೀವ್ ನೋಡ್ಕಳಿ. ಆಗ ಇಬ್ರೂ ಇನ್ನೊಬ್ರ ಮನೇಲಿ ಗೇಯೋರೇ ಅಲ್ವಾ?"

ನನಗೆ ಅವಳ ಕಾಲು ಮುಟ್ಟಬೇಕೆನಿಸಿತು. ಮರುದಿನವೇ ಇಬ್ಬರೂ ಕೂಸುಗಳ ಮುಖ ತೊಳೆದು, ತಲೆ ಬಾಚಿ ಬಾಲವಾಡಿಗೆ ಹೋದೆವು. ಟೀಚರಮ್ಮ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು. "ಅಲ್ರಮ್ಮಾ, ಎರಡು ಮಕ್ಕಳೂ ಇಲ್ಲಿಗೆ ಬಂದ್ರೆ ಅಲ್ಲಿ ನೀವು ನೋಡ್ಕೊಳ್ಳೋದು ಯಾರನ್ನ? ಇಬ್ಬರಿಗೂ ಕೆಲಸವೇ ಇರಲ್ಲ. ಕೆಲಸ ಇಲ್ದಿದ್ರೆ ಮಕ್ಕಳು ಮನೇಲೇ ಇರ್ಬೇಕು."

"ಕೂಸ್ಗಳು ಮನೇಲಿದ್ರೆ ನಮ್ಗೆ ಕೆಲ್ಸ ಅದೆಯಲ್ಲ ಟೀಚರಮ್ಮಾ!" ಎಂದಳು ಪುಟ್ಟತಾಯಮ್ಮ. "ಕೆಲ್ಸ ಇದ್ರೆ ಸೇರಿಸ್ಕಬೇಕಲ್ಲ?"

ಟೀಚರಮ್ಮ ತಲೆ ಹಿಡಿದುಕೊಂಡರು. ಒಳಗೆ ಮಕ್ಕಳು ಒಂದೇ ಸಮನೆ ಕಿರುಚುತ್ತಿದ್ದವು. ತವರಿಗೆ ಹೋದ ಆಯಾ ತಿರುಗಿ ಬಂದಿರಲಿಲ್ಲ. ಅವರು ನನ್ನನ್ನೇ ನೋಡಿದರು. "ನೀವು ಆಯಾ ಆಗಿ ಬನ್ನಿ. ಆಗ ನೀವು ದುಡಿಯೋ ತಾಯಿ. ನಿಮ್ಮ ಮಗನನ್ನ ಧಾರಾಳವಾಗಿ ಸೇರಿಸ್ಕೋತೀನಿ." ಶಿವುವಿಗೆ ಜಾಗ ಸಿಕ್ಕಿತೆಂಬ ಸಂತೋಷದಲ್ಲಿ ನಾನು ಹೂಂ ಎಂದುಬಿಟ್ಟೆ. ಅವನನ್ನು ಅಲ್ಲಿ ನೋಡಿಕೊಳ್ಳಬೇಕಾದವಳು ಯಾರೆಂದು ಹೊಳೆದದ್ದು ಮನೆಗೆ ಬಂದ ಮೇಲೆ. ನನ್ನಂಥ ಪೆದ್ದಿ ಉಂಟೇ!

ಹಗಲೆಲ್ಲ ನಾನು ಬಾಲವಾಡಿಯಲ್ಲಿದ್ದರೆ ಮನೆಯ ಪಾತ್ರೆ ತೊಳೆಯುವವರು ಬೇಕಲ್ಲ? ಪುಟ್ಟತಾಯಮ್ಮ ಒಪ್ಪಿಕೊಂಡಳು. ಹಾಗೆ ಅವಳೂ ದುಡಿಯುವ ತಾಯಿಯಾದಳು, ಮಾದೇಶನೂ ಬಾಲವಾಡಿಗೆ, ಎಂದರೆ ನನ್ನ ಸೊಂಟಕ್ಕೆ, ಬಂದ. ಒಂದು ಮಧ್ಯಾಹ್ನ ಶಿವು ಬಟ್ಟೆ ಒದ್ದೆ ಮಾಡಿಕೊಂಡನೆಂದು ಬೇರೆ ಚಡ್ಡಿಗಾಗಿ ಮನೆಗೆ ಓಡಿದೆ. ಒಳಗಿನಿಂದ ಚಿಲಕ. ಬಡಿದೂ ಬಡಿದೂ ಸಾಕಾದ ಮೇಲೆ ಪುಟ್ಟತಾಯಮ್ಮ ಕಣ್ಣುಜ್ಜಿಕೊಳ್ಳುತ್ತಾ ಬಂದು ತೆಗೆದಳು. "ಒಸಿ ನಿದ್ದೆ ಅತ್ತಿತ್ತು ಕಣಕ್ಕಾ. ನಿಮ್ ಮನೇಲಿ ಏನ್ ತಣ್ಣಗದೆ ಅಂತೀರಿ!" ನನ್ನ ಚಾಪೆ, ನನ್ನ ದಿಂಬು. ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.

ಈಗ ನಮ್ಮವರು, "ನಮ್ಮನೆಯವಳೂ ದುಡೀತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಭಾನುವಾರ ಮಾತ್ರ ಬಾಲವಾಡಿಗೆ ರಜೆ, ಪುಟ್ಟತಾಯಮ್ಮನಿಗೂ ರಜೆ. ಅವತ್ತು ಅಡಿಗೆ, ಪಾತ್ರೆ, ಬಟ್ಟೆ ಮತ್ತು ಶಿವುವಿನ ಜೊತೆ ನಾನು ಸುಮ್ಮನೆ ಮನೆಯಲ್ಲಿರುತ್ತೇನೆ.