ಟವಲ್ಲಿನಡಿ ತಳಿ ಜೀಪಿನ ಇಂಜಿನ್ನು

ಹಳೇ ಇಂಜಿನ್ನಿಗೆ ಬೆಲೆ ಕಟ್ಟೋ ಜಾಗದಲ್ಲಿ ಯಾರೂ ನಗಲಿಲ್ಲ ಅಂದ್ರೆ ಅವತ್ತು ಅಂಗಡಿಗೆ ರಜಾ ಅಂತಲೇ ಲೆಕ್ಕ. ಹೊಸೂರಿನ ಗುಜರಿ ಅಂಗಡಿಗಳಲ್ಲಿ ನನ್ನಷ್ಟು ನಕ್ಕೋನೂ ಇಲ್ಲ, ನನ್ನಷ್ಟು ಸರಿಯಾಗಿ ಬೆಲೆ ಹೇಳೋನೂ ಇಲ್ಲ. ಎರಡನೇದನ್ನ ನಾನೇ ಹೇಳ್ಕೋಬೇಕಾಗಿದೆ, ಬೇರೆಯೋರಿಗೆ ಹೊಟ್ಟೆಕಿಚ್ಚು.

೧. ಹಲ್ಲು

ಇಸ್ಕೂಲನ್ನ ನಾನು ರಸ್ತೇಲಿ ನಿಂತು ನೋಡಿದ್ದೇ ಹೊರತು ಒಳಗೆ ಹೋಗಿಲ್ಲ. ಮೊದಲು ದನದ ದಲ್ಲಾಳಿ ಆಗಿದ್ದೆ. ಆಗ ಎತ್ತಿನ ಹಲ್ಲು ನೋಡ್ತಿದ್ದೆ, ಈಗ ಗೇರಿನ ಹಲ್ಲು ನೋಡ್ತೀನಿ. ಆಗ ಮೂಗಿನ ಮುಂದೆ ಕೈ ಹಿಡಿದು ಉಸಿರು ನೋಡ್ತಿದ್ದೆ, ಈಗ ಇಂಜಿನ್ನಿನ ಆಯಿಲ್ ಹುಯ್ಯೋ ಬಾಯಿಗೆ ಅಂಗೈ ಹಿಡೀತೀನಿ. ಗಾಳಿ ಬುಸುಬುಸು ನುಗ್ಗಿದ್ರೆ ಒಳಗೆ ಸವೆದಿದೆ, ಬೆಲೆ ಇಳೀತು. ಎತ್ತಿಗೂ ಇಂಜಿನ್ನಿಗೂ ಇರೋ ವ್ಯತ್ಯಾಸ ಒಂದೇ, ಇಂಜಿನ್ನು ಒದೆಯಲ್ಲ.

ಒಂದ್ಸಲ ಜವಳಗಿರಿ ಕಾಡಂಚಿನ ತೋಟಕ್ಕೆ ಕಾರಿನ ಇಂಜಿನ್ನು ನೋಡೋಕೆ ಕರ್ಕೊಂಡೋದ್ರು. ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟೆ. ಕಣ್ಣು ಬಿಟ್ಟು ನೋಡ್ತೀನಿ, ಬೇಲಿ ಆಚೆ ಒಂಟಿ ಸಲಗ! ಅದೂ ಕಿವಿ ಆಡಿಸೋದು ನಿಲ್ಲಿಸಿ ಇಂಜಿನ್ನಿನ ಸದ್ದನ್ನೇ ಕೇಳ್ತಾ ಇದೆ. ಕಾರಿನೋನು ಹಲಸಿನ ಮರ ಹತ್ಬುಟ್ಟ. ನಾನು ನಿಂತ ಜಾಗ ಬಿಡಲಿಲ್ಲ. ಗಟ್ಟಿಯಾಗಿ “ನಲವತ್ತು ಸಾವಿರ” ಅಂದೆ. ಆನೆ ತಲೆ ಆಡಿಸಿ ಕಾಡೊಳಗೆ ಹೋಯ್ತು.

“ನೋಡ್ದಾ, ಆನೆನೂ ಒಪ್ಕೊಂತು” ಅಂದೆ.

ಮರದ ಮೇಲಿಂದ ಅವನಂದ: “ಅದು ಒಪ್ಕೊಂಡಿದ್ದಲ್ಲ ತಾತಾ, ಸಾಲ್ದು ಅಂತ ತಲೆ ಆಡ್ಸಿದ್ದು. ಇನ್ನೈದು ಸೇರ್ಸು!”

೨. ಬೆಳ್ಳಿ ಬಣ್ಣ

ಫ್ಯಾಕ್ಟರಿ ಕೆಲಸದೋನೊಬ್ಬ ಇಂಜಿನ್ನಿಗೆ ಪೂರಾ ಬೆಳ್ಳಿ ಬಣ್ಣ ಬಳಿದು ತಂದ. “ಎರಡೇ ವರ್ಷ ಓಡಿರೋದು ತಾತಾ” ಅಂದ. ಕೊಂಬಿಗೆ ಎಣ್ಣೆ ಸವರಿ ಮುದಿ ಎತ್ತನ್ನ ಹೋರಿ ಅಂತ ಮಾರೋಕೆ ಬಂದೋರನ್ನೆಲ್ಲ ಕಂಡೋನು ನಾನು. ಬಗ್ಗಿ ನೋಡಿದೆ. ಗಾಳಿ ಹೋಗೋ ತೂತಿನಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಗೂಡಿಗೂ ಬೆಳ್ಳಿ ಬಣ್ಣ!

“ಇದೇನ್ಲಾ?” ಅಂದೆ.

ಅವನು ಒಂದು ಚೂರೂ ತಡವರಿಸಲಿಲ್ಲ. “ಅದಾ? ಕಂಪನಿಯಿಂದ್ಲೇ ಹಂಗೆ ಬಂದಿರೋದು ತಾತಾ.”

೩. ಎರಡು ಗುಟ್ಟು

ಈಗ ತಳಿ ಅನ್ನೋ ಊರಿನ ಜೀಪಿನ ವಿಷಯ. ಅದಕ್ಕೆ ಮೊದಲು ನನ್ನ ಟವಲ್ ವಿಷಯ ಹೇಳ್ಬೇಕು. ಆ ಆನೆ ಮುಂದೆ ಬಿಟ್ರೆ ನಾನು ಬೆಲೆ ಬಾಯಲ್ಲಿ ಹೇಳೋನಲ್ಲ. ದನದ ಸಂತೆ ಪದ್ಧತಿ ಥರ ಟವಲ್ ಮುಚ್ಚಿ, ಅದರಡಿ ಮಾರೋರ ಬೆರಳು ಹಿಡೀತೀನಿ. ಒಂದು ಬೆರಳಿಗೆ ಹತ್ತು ಸಾವಿರ. ಬೆರಳು ಹಿಡಿದಿರೋವಾಗ ಇಬ್ಬರೂ ಬೇರೆ ಎಲ್ಲೋ ನೋಡ್ತಿರಬೇಕು, ಮುಖ ನೋಡಿದ್ರೆ ಗುಟ್ಟು ರಟ್ಟಾಗುತ್ತೆ.

ತಳಿ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದ್ಲು. ಅವಳ ಗಂಡ ಹೂವಿನ ಮೂಟೆ, ಜನ ಎಲ್ಲ ತುಂಬ್ಕೊಂಡು ಜೀಪು ಓಡಿಸಿಯೇ ಮುದುಕನಾದೋನು.

“ಅಣ್ಣಾ, ನಮ್ಮನೆಯೋನಿಗೆ ಕಣ್ಣು ಮಂಜು. ಮೊನ್ನೆ ದಾರಿ ಬಿಡ್ಲಿ ಅಂತ ಹುಣಸೆ ಮರಕ್ಕೆ ಹಾರನ್ ಹೊಡ್ಕೊಂಡು ನಿಂತವ್ನೆ. ಪೊರೆ ತೆಗೆಸ್ಕೋ ಅಂದ್ರೆ ಹೆದರ್ತಾನೆ. ಎಲ್ಲಾದ್ರೂ ಹಳ್ಳಕ್ಕೆ ಬಿದ್ರೆ ನಾನೇನ್ ಮಾಡ್ಲಿ? ಇಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ಮಾರ್ಬುಡೋಣ ಅಂದೆ. ಐದು ಬೆರಳಿಗೆ ಕಮ್ಮಿ ಆದ್ರೆ ಕೊಡಲ್ಲ ಅಂತಾನೆ. ನೀನು ಐದು ಹಿಡಿ. ಕಮ್ಮಿ ಬಿದ್ದಿದ್ದು ನಾನು ಹೂವು ಮಾರಿ ಕೊಡ್ತೀನಿ.”

ಆಗಲಮ್ಮ ಅಂದೆ.

ಮಾರನೇ ದಿನ ಬಸ್ಸಲ್ಲಿ ಗಂಡ ಬಂದ. ನಾನೇ ಅಂತ ತಿಳ್ಕೊಂಡು ಪಕ್ಕದ ಟೈರಿನ ರಾಶಿಗೆ ನಮಸ್ಕಾರ ಮಾಡಿದ. ಕೈ ಹಿಡಿದು ಕೂರಿಸಿದೆ.

“ಅಣ್ಣಾ, ನೀನು ಎರಡೇ ಹಿಡಿ. ನಾನು ಸಿಟ್ಟು ಮಾಡ್ಕೊಂಡು ಎದ್ದೋಯ್ತೀನಿ.”

“ಯಾಕಪ್ಪಾ ಹಂಗೆ?”

“ಗುಮ್ಮಳಾಪುರದಿಂದ ಅವಳನ್ನ ಮದ್ವೆ ಆಗಿ ಕರ್ಕೊಂಬಂದಿದ್ದು ಅದೇ ಜೀಪಲ್ಲಿ. ದಾರೀಲಿ ನಾಕು ಸಲ ನಿಂತೋಯ್ತು. ನಿಂತಾಗೆಲ್ಲ ನಕ್ಕಳು. ಈಗ್ಲೂ ಅದು ಕೆಮ್ಮಿದ್ರೆ ನಗ್ತಾಳೆ ಅಣ್ಣಾ.”

ಅವನಿಗೂ ಆಗಲಪ್ಪ ಅಂದೆ. ಇಬ್ಬರಿಗೂ ಮಾತು ಕೊಟ್ಟು ಇಬ್ಬರಿಗೂ ನಡೆಸಿಕೊಡೋ ತಾಕತ್ತು ಹೊಸೂರಲ್ಲಿ ನನಗೊಬ್ಬನಿಗೇ ಇರೋದು ಅಂತ ನನ್ನ ನಂಬಿಕೆ.

೪. ಟವಲ್ಲು

ಒಂದು ವಾರ ಆದ್ಮೇಲೆ ಪಕ್ಕದ ಮನೆಯೋನ ಕೈಲಿ ಜೀಪು ಓಡಿಸಿಕೊಂಡು ಇಬ್ಬರೂ ಬಂದ್ರು. ಅಂಗೈ ಹಿಡಿದು ಉಸಿರು ನೋಡಿದೆ, ಗೇರಿನ ಹಲ್ಲು ನೋಡಿದೆ. ನ್ಯಾಯವಾದ ಬೆಲೆ ಮೂರು ಬೆರಳು. ನನ್ನ ಮರದ ಮೇಜಿನ ಮೇಲೆ ಟವಲ್ ಹಾಸಿದೆ. ಆ ಕಡೆಯಿಂದ ಗಂಡ, ಈ ಕಡೆಯಿಂದ ಹೆಂಡತಿ ಕೈ ತೂರಿಸಿದ್ರು. ಬಲಗೈಲಿ ಅವಳ ಐದು ಬೆರಳು ಹಿಡಿದೆ, ಎಡಗೈಲಿ ಅವನ ಎರಡು. ಪದ್ಧತಿ ಪ್ರಕಾರ ಅವಳು ಆಕಾಶ ನೋಡ್ತಿದ್ಲು. ಅವನು ಎಲ್ಲಿ ನೋಡಿದ್ರೂ ಒಂದೇ.

ಅಷ್ಟೊತ್ತಿಗೆ ಟೀ ಬಂತು. ಎರಡೂ ಕೈ ಈಚೆ ತೆಗೆದು ಲೋಟ ಹಿಡ್ಕೊಂಡೆ.

ಆದ್ರೆ ಟವಲ್ ನಿಲ್ಲಲಿಲ್ಲ! ಮಂಕರಿ ಅಡಿ ಕೋಳಿ ಮುಚ್ಚಿದಂಗೆ ಎಗರಾಡ್ತಾ ಇದೆ. ಅವಳು ಐದು ಬೆರಳು ಬಿಡಿಸಿ ತುರುಕ್ತಾಳೆ, ಅವನು ಮೂರನ್ನ ಮಡಚಿ ಎರಡನ್ನೇ ಹಿಡೀತಾನೆ. ನಾನು ಅರ್ಧ ಲೋಟ ಟೀ ಕುಡಿದೆ.

ಅವಳು ಆಕಾಶ ನೋಡ್ಕೊಂಡೇ ಹಲ್ಲು ಕಚ್ಚಿ, “ಅಣ್ಣಾ, ನೀನು ಐದು ಅಂತ ಮಾತು ಕೊಟ್ಟಿದ್ದೆ” ಅಂದ್ಲು.

ಅವನೂ ಪಿಸುಗುಟ್ಟಿದ: “ನೀನು ಎರಡು ಅಂತ ಒಪ್ಕೊಂಡಿದ್ದೆ ಅಣ್ಣಾ.”

ಇಬ್ಬರೂ ನನ್ನ ಕಡೆ ತಿರುಗಿದ್ರು. ನಾನು ಸೊರ್ರ್ ಅಂತ ಟೀ ಹೀರಿದೆ.

“ಥೂ ಮನ್ಸಾ, ಇದು ನಿನ್ ಕೈಯಾ!” ಅಂತ ಗಂಡನಿಗೆ ಅಂದ್ಲು. ಆದ್ರೆ ಕೈ ಎಳ್ಕೊಳ್ಳಲಿಲ್ಲ. “ಎರಡು ಅಂತ ಹೇಳ್ಸಿ ಮತ್ತೆ ಜೀಪು ಹತ್ಬೇಕು ಅಂತಿದ್ಯಾ? ನೀನು ಸತ್ರೆ ನಾನು ಯಾರತ್ರ ಜಗಳ ಆಡ್ಲಿ?”

ಅವನು ಕೇಳಿದ: “ಇಂಜಿನ್ನು ಮಾರ್ಬುಟ್ರೆ ನೀನು ಯಾತಕ್ಕೆ ನಗ್ತೀಯ?”

ಅವಳು ಮೆತ್ತಗೆ, “ಪೊರೆ ತೆಗೆಸ್ಕೋ. ಅಲ್ಲೀಗಂಟ ಜೀಪಿನ ಬೀಗದ ಕೈ ನನ್ನ ಸೊಂಟದಲ್ಲಿರ್ತದೆ. ಇಂಜಿನ್ನು ಇರ್ಲಿ” ಅಂದ್ಲು.

“ನೋಯ್ತದಂತೆ ಕಣಮ್ಮಿ.”

“ನಾನು ಕೈ ಹಿಡ್ಕೊಂಡಿರ್ತೀನಿ.”

“ಹಂಗಾದ್ರೆ ಆಗ್ಲಿ” ಅಂದ.

ವ್ಯಾಪಾರ ಮುರಿದುಬಿತ್ತು. ಬೇರೆ ಗಿರಾಕಿ ಬಂದು ಕಾಯ್ತಾ ನಿಂತಿದ್ದ. “ಸರಿ, ಎಲ್ಲ ಮುಗೀತಲ್ಲ. ಕೈ ತೆಗೀರಪ್ಪ, ನನ್ ಟವಲ್ ಬೇಕು” ಅಂದೆ.

ಇಬ್ಬರೂ ಕೈ ತೆಗೀಲಿಲ್ಲ. ಗಂಡ ನನ್ನ ಕಡೆ ಅಂದಾಜಲ್ಲಿ ಮುಖ ತಿರುಗಿಸಿ ಕೇಳಿದ:

“ಅಣ್ಣಾ, ಈ ಟವಲ್ಲಿಗೆ ಎಷ್ಟು ಹೇಳ್ತೀಯಾ?”