ಮಾಮಾನ ಗಲ್ಲ ಮತ್ತು ಹಡಗಿನ ಬಾಟಲಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದದ್ದು ಯಾವ ಹಿರಿಯರಿಗೂ ಅಲ್ಲ, ನಮ್ಮ ಮಾಮಾನ ಗಲ್ಲಕ್ಕೆ! ಗಲ್ಲ ಉರಿಯುತ್ತಿದ್ದರೆ ಮನೆಯಲ್ಲಿ ಯಾರೂ ನಗುವಂತಿಲ್ಲ. ಗಲ್ಲ ತಂಪಾಗಿದ್ದರೆ ಮಾತ್ರ ಎಲ್ಲರಿಗೂ ಚಹಾ. ನಿಮ್ಮನ್ನು ನಗಿಸಲು ಇದನ್ನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ನನಗೆ ಸಿಟ್ಟು ಬಂದಿದೆ. ಬಂದು ಬಹಳ ವರ್ಷಗಳಾದವು, ಇನ್ನೂ ಇಳಿದಿಲ್ಲ. ಮದುವೆಯ ದಿನ, ಮೈಗೆ ಅರಿಷಿಣ ಬಳಿದುಕೊಂಡು, ಮಣೆಯ ಮೇಲೆ ಕುಳಿತು ಸೋದರಮಾವನ ದಾರಿ ಕಾದ ಹುಡುಗಿಯ ಸಿಟ್ಟು ಅಷ್ಟು ಸುಲಭವಾಗಿ ಇಳಿಯುತ್ತದೆಯೇ? ಎದುರಿಗಿದ್ದಾಗ ಮಾಮಾನಿಗೆ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಬರೆಯಲು ಕುಳಿತರೆ ಏಕವಚನವೇ ಬರುತ್ತದೆ, ತಡೆಯಲು ಆಗುವುದಿಲ್ಲ.

ಮಾಮಾ ಎಂದರೆ ಅವ್ವನ ಅಣ್ಣ. ನಾನು ಕೂಸಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು. ತವರು ಗಲಗಲಿಯ ಕಡೆ ಕೃಷ್ಣೆಯ ದಂಡೆಯ ಮೇಲಿನ ಒಂದು ಸಣ್ಣ ಊರು. ಅಲ್ಲಿ ಗಂಡಸರೆಲ್ಲ ವಾರಕ್ಕೊಮ್ಮೆ ಗಡ್ಡ ಮಾಡಿಸಿಕೊಳ್ಳುತ್ತಿದ್ದರೆ, ನಮ್ಮ ಮಾಮಾ ದಿನಾ ಬೆಳಿಗ್ಗೆ ಹೊಳೆಗೆ ಇಳಿಯುವ ಕಲ್ಲಿನ ಪಾವಟಿಗೆಯ ಮೇಲೆ ಕುಳಿತು ದಾಡಿ ಮಾಡಿಕೊಳ್ಳುತ್ತಿದ್ದ. ಬೇವಿನ ಕೊಂಬೆಯ ಕವಲಿಗೆ ಕನ್ನಡಿ ಸಿಕ್ಕಿಸಿ, ನೊರೆ ಎಬ್ಬಿಸಿ, ಸಾವಕಾಶವಾಗಿ.

“ಏನ್ರಿ, ಇವತ್ತೂ ಕನ್ಯಾ ನೋಡಾಕ ಹೊಂಟೀರೇನು?” ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಿದ್ದರು.

“ಕನ್ಯಾ ಅಲ್ಲೋ, ಕಬ್ಬು ನೋಡಾಕ ಹೊಂಟೇನಿ. ಕಬ್ಬಿಗೇನು ಮರ್ಯಾದಿ ಬ್ಯಾಡೇನು?”

ಕಬ್ಬಿಗೆ ಮರ್ಯಾದೆ ಸಿಕ್ಕಿತು, ನಮಗೆ ಸಿಗಲಿಲ್ಲ. ಹೊಳೆಯ ನೀರು ಕೆಂಪಾದಾಗ ಕೊಡದಲ್ಲಿ ತಿರುಗಿಸಿ ರಾಡಿ ಕೂರಿಸಲಿಕ್ಕೆಂದು ಅವ್ವ ಒಂದು ಪಟಕದ ಗಡ್ಡೆ ಇಟ್ಟಿದ್ದಳು. ಬೆಳ್ಳಗೆ, ಕಲ್ಲುಸಕ್ಕರೆಯಂತೆ. ಅದನ್ನು ಮಾಮಾ ಎತ್ತಿಕೊಂಡು ಹೋಗಿ, ದಾಡಿಯಾದ ಮೇಲೆ ಗಲ್ಲಕ್ಕೆ ತಿಕ್ಕಿಕೊಂಡು, ಏನೂ ಆಗದವನಂತೆ ತಂದಿಡುತ್ತಿದ್ದ. ಒಂದು ದಿನ ಅವ್ವ ಕಂಡುಬಿಟ್ಟಳು.

“ಅಣ್ಣಾ, ನಿನ್ನ ಗಲ್ಲ ತೊಳೆದ ನೀರ ಕುಡದೀವೇನು ಇಷ್ಟ ದಿನ?”

“ನನ್ನ ಗಲ್ಲ ನಿನ್ನ ಕೊಡಕ್ಕಿಂತ ಸ್ವಚ್ಛ ಐತಿ,” ಎಂದ ಮಾಮಾ. ಮರುದಿನದಿಂದ ಪಟಕ ಅವನ ದಾಡಿಯ ಡಬ್ಬಿಗೇ ಸೇರಿತು. ಅವ್ವ ಜಮಖಂಡಿಯ ಸಂತೆಗೆ ಹೋದಾಗ ಬೇರೆ ತಂದಳು.

ಆಮೇಲೆ ಆಣೆಕಟ್ಟಿನ ಹಿನ್ನೀರು ಬಂತು. ಊರು ಹೋಯಿತು. ನಮ್ಮನ್ನೆಲ್ಲ ಬಾಡಗಂಡಿಯ ಕಡೆ ಎತ್ತರದ ಬಯಲಿನಲ್ಲಿ ಕಟ್ಟಿದ ಪುನರ್ವಸತಿ ಕೇಂದ್ರಕ್ಕೆ ತಂದು ಇಳಿಸಿದರು. ಮನೆ ಹೋಯಿತೆಂದು ಮಾಮಾನ ಹೆಂಡತಿ, ನಮ್ಮ ಅತ್ತೆ, ಅತ್ತಳು, ಗುಡಿ ಹೋಯಿತೆಂದು ಅವ್ವ ಅತ್ತಳು. ಮಾಮಾ ಅಳಲಿಲ್ಲ. ಹೊಸ ಮನೆಯ ಮುಂದೆ ಬೋರಿನ ನೀರು ತುಂಬಿಕೊಂಡು ದಾಡಿಗೆ ಕುಳಿತ. ಬ್ರಷ್ ತಿರುಗಿಸಿದ, ತಿರುಗಿಸಿದ. ನೊರೆಯೇ ಏಳಲಿಲ್ಲ. ಸಾಬೂನು ಹಾಲು ಒಡೆದಂತೆ ಚೂರುಚೂರಾಯಿತು. ಹಾಗೇ ಕೆರೆದುಕೊಂಡ. ಸಂಜೆಯ ಹೊತ್ತಿಗೆ ಗಲ್ಲ ಕಾದ ತವೆಯಾಗಿತ್ತು.

“ಇದು ನೀರೇನು? ಇದು ನೀರೇನಂತ?” ಎಂದು ಬೊಬ್ಬೆ ಹೊಡೆದ. ಇಡೀ ಊರು ಮುಳುಗಿದ್ದಕ್ಕೆ ಬಾರದ ಸಿಟ್ಟು ಮನುಷ್ಯನಿಗೆ ನೊರೆ ಏಳಲಿಲ್ಲವೆಂದು ಬಂತು. ಏನು ಹೇಳಬೇಕು ಇಂಥವರಿಗೆ?

ಅಷ್ಟಕ್ಕೇ ಬಿಡಲಿಲ್ಲ. ಒಂದು ಕ್ಯಾನ್ ಹೊಳೆನೀರು ತರಿಸಿ ಬಲಗಲ್ಲವನ್ನು ಅದರಲ್ಲಿ, ಎಡಗಲ್ಲವನ್ನು ಬೋರಿನ ನೀರಿನಲ್ಲಿ ಬೋಳಿಸಿಕೊಂಡ. ಆ ಎರಡು ಬಣ್ಣದ ಮುಖ ಹೊತ್ತು ಬಸ್ಸು ಹತ್ತಿ ಪುನರ್ವಸತಿಯ ಕೆಲಸ ನೋಡುವ ಸಾಹೇಬರೊಬ್ಬರ ಮುಂದೆ ಹೋಗಿ ನಿಂತ. ಕಾಲೇಜಿಗೆ ಹೆಸರು ಹಚ್ಚಲು ಹೊರಟಿದ್ದ ನಾನೂ ಜೊತೆಗಿದ್ದೆ, ನನ್ನ ಕರ್ಮ.

“ಮುಟ್ಟಿ ನೋಡ್ರಿ ಸಾಹೇಬ್ರ. ಇದು ಹೊಳಿ, ಇದು ನೀವು ಕೊಟ್ಟದ್ದು.”

ಸಾಹೇಬರು ಪಾಪದ ಮನುಷ್ಯ. ನಿಜವಾಗಿಯೂ ಎದ್ದು ಬಂದು ಎರಡೂ ಗಲ್ಲ ಮುಟ್ಟಿ ನೋಡಿದರು. ಆಮೇಲೆ ತಮ್ಮ ಗಲ್ಲ ಸವರಿಕೊಂಡು ದನಿ ತಗ್ಗಿಸಿ, “ನನಗೂ ವರ್ಗ ಆಗಿ ಬಂದಾಗಿನಿಂದ ಇದೇ ಗತಿ. ನೀವು ಏನು ಹಚ್ಚುತ್ತೀರಿ?” ಎಂದು ಕೇಳಿದರು. ಇಬ್ಬರೂ ಕುಳಿತು ಲಿಂಬೆಹಣ್ಣು, ಕೊಬ್ಬರಿ ಎಣ್ಣೆ, ಲೋಳಸರ ಎಂದು ಮಾತಾಡುತ್ತಲೇ ಇದ್ದರು. ಅಷ್ಟರಲ್ಲಿ ಕಾಲೇಜು ಮುಚ್ಚುವ ಹೊತ್ತಾಯಿತು. ನಾನು ಇನ್ನೊಂದು ದಿನ ಒಬ್ಬಳೇ ಹೋಗಿ ಹೆಸರು ಹಚ್ಚಿ ಬಂದೆ.

ಮನೆಯಲ್ಲಿ ಎಲ್ಲ ಔಷಧವೂ ನಡೆಯಿತು. ಲಿಂಬೆಹಣ್ಣು ಹಚ್ಚಿಕೊಂಡು ಕುಣಿದ. ಅರಿಷಿಣ ಹಚ್ಚಿಕೊಂಡು ಹೊಲಕ್ಕೆ ಹೋಗಿ, ಪೂಜಾರಿಯೆಂದು ತಿಳಿದ ದಾರಿಹೋಕರಿಂದ ನಮಸ್ಕಾರ ಹೊಡೆಸಿಕೊಂಡ. ಕೊನೆಗೆ ಒಂದು ಮೊಪೆಡ್ ಕೊಂಡು, ಎರಡು ದಿನಕ್ಕೊಮ್ಮೆ ಸೇತುವೆಯ ಹತ್ತಿರ ಹೋಗಿ ಕ್ಯಾನಿನಲ್ಲಿ ಹೊಳೆನೀರು ತರಲು ಶುರುಮಾಡಿದ. ಕುಡಿಯಲಿಕ್ಕಲ್ಲ, ಅಡುಗೆಗಲ್ಲ, ಬರೀ ಗಲ್ಲಕ್ಕೆ! ಬೋರ್ ಕೆಟ್ಟ ದಿನ ಒಂದು ತಂಬಿಗೆ ಕೇಳಿದರೆ ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟು ಕೂರುತ್ತಿದ್ದ.

ಈ ನಡುವೆ ಮುಧೋಳದ ನಮ್ಮ ನೆಂಟರ ಪೈಕಿ ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ರಜೆಗೆ ಬಂದ. ಮಾಮಾನ ಕಥೆ ಕೇಳಿ ನಕ್ಕು ಒಂದು ಬಾಟಲಿ ಕೊಟ್ಟು ಹೋದ. ನೀರಿನಂತೆ ತಿಳಿಯಾದ ದ್ರವ, ಮೇಲೆ ಹಳದಿ ಹೂವಿನ ಚಿತ್ರ. ಮೂಸಿದರೆ ಹಸಿ ತೊಗಟೆಯ ವಾಸನೆ. ದಾಡಿಯಾದ ಮೇಲೆ ಅರಳೆಯಲ್ಲಿ ಅದ್ದಿ ಒತ್ತಿಕೊಂಡ ಮಾಮಾ ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಆಮೇಲೆ, “ಯವ್ವಾ, ಹೊಳಿ ದಂಡ್ಯಾಗ ಕುಂತಂಗ ಆತು,” ಎಂದ.

ಓದಿದವಳು ಮನೆಯಲ್ಲಿ ನಾನೊಬ್ಬಳೇ. ಚೀಟಿ ಓದಿ, ಇದರ ಹೆಸರು ವಿಚ್ ಹೇಜಲ್, ಒಂದು ಗಿಡದ ತೊಗಟೆ ಕುದಿಸಿ ಇಳಿಸಿದ್ದು, ಚರ್ಮದ ಉರಿಗೆ ಒಳ್ಳೆಯದು ಎಂದು ಹೇಳಿದೆ. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ವಿಚ್ ಅಂದರೇನೆಂದು ಅತ್ತೆ ಕೇಳಿದಳು. ಮಾಟಗಾತಿ ಎಂದೆ.

“ಮಾಟಗಾತಿ ನೀರು ನನ್ನ ದೇವರ ಜಗಲಿ ಹತ್ತರ ಇಡಾಕ ಬಿಡೂದಿಲ್ಲ. ಇವತ್ತಽ ಹೊರಗ ಒಗೀರಿ.”

“ಬಾಟ್ಲಿ ಹ್ವಾದ್ರ ನಾನೂ ಹೋಗಾಂವ,” ಎಂದ ಮಾಮಾ.

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಅಂದಿನಿಂದ ಬಾಟಲಿ, ಡಬ್ಬಿ, ಕ್ಯಾನು, ಕನ್ನಡಿ, ಮಾಮಾ ಎಲ್ಲರೂ ದನದ ಕೊಟ್ಟಿಗೆಗೆ ಸ್ಥಳಾಂತರಗೊಂಡರು. ಎಮ್ಮೆಯ ಪಕ್ಕ ಕುಳಿತು ದಾಡಿ. ಒಂದು ದಿನ ಅವನು ಕಣ್ಣು ಮುಚ್ಚಿ ತಂಪು ಅನುಭವಿಸುತ್ತಿದ್ದಾಗ ಎಮ್ಮೆ ಕತ್ತು ಚಾಚಿ ಆ ಗಲ್ಲವನ್ನು ಒಮ್ಮೆ ಚೆನ್ನಾಗಿ ನೆಕ್ಕಿತು. ಮಾಮಾ ಎಮ್ಮೆಯನ್ನು ಬೈಯಲಿಲ್ಲ. ವ್ಯರ್ಥವಾದ ಔಷಧಕ್ಕೆ ನಮ್ಮನ್ನು ಬೈದ.

ನನ್ನನ್ನು ನೋಡಲು ಬನಹಟ್ಟಿಯಿಂದ ಗಂಡಿನವರು ಬಂದ ದಿನವೂ ಇದೇ ಕಥೆ. ಅವರು ಅವಲಕ್ಕಿ ತಿಂದು ಮುಗಿಸಿದರೂ ಹೆಣ್ಣಿನ ಕಡೆಯ ಯಜಮಾನನಿಲ್ಲ, ಕೊಟ್ಟಿಗೆಯಲ್ಲಿದ್ದಾನೆ! ಕೊನೆಗೆ ಮಿಂಚುತ್ತಾ ಬಂದ. ನೇಕಾರಿಕೆ ಹೇಗಿದೆ, ಮಗ್ಗ ಎಷ್ಟಿವೆ, ಯಾವುದನ್ನೂ ಕೇಳಲಿಲ್ಲ. ಹುಡುಗನ ಮುಖಕ್ಕೆ ಮುಖ ತಂದು, “ತಮ್ಮಾ, ಬ್ಲೇಡು ಕೆಳಗಿಂದ ಮ್ಯಾಲೆ ಎಳೀತಿ ಹೌದಿಲ್ಲೊ? ತಪ್ಪು. ಗಲ್ಲ ಹಾಳಾಗ್ತಾವು,” ಎಂದ. ನಾನು ಒಳಗೆ ಹಲ್ಲು ಕಡಿಯುತ್ತಿದ್ದೆ. ಹುಡುಗ ನಗದೆ, “ಹಂಗಾರ ಹೆಂಗ ಎಳೀಬೇಕ್ರಿ?” ಎಂದು ಕೇಳಿದ. ಅದಕ್ಕೇ ನಾನು ಒಪ್ಪಿದ್ದು, ಬೇರೆ ಕಾರಣ ಹುಡುಕಬೇಡಿ.

ಇನ್ನು ಮದುವೆಯ ದಿನಕ್ಕೆ ಬರುತ್ತೇನೆ. ನಮ್ಮಲ್ಲಿ ಮದುವೆಯ ಬೆಳಿಗ್ಗೆ ಹೆಣ್ಣಿಗೆ ಸುರಗಿ ನೀರು ಹಾಕುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮಣೆಯ ಮೇಲೆ ಕೂರಿಸಿ ಅರಿಷಿಣದ ಸ್ನಾನ. ಆ ನೀರಿಗೆ ತಾಯಿಯ ತವರೂರಿನ ನೀರು ಸ್ವಲ್ಪವಾದರೂ ಕೂಡಿಸಬೇಕು, ತರುವವನು ಸೋದರಮಾವ, ಇದು ನಮ್ಮ ಮನೆತನದ ಪದ್ಧತಿ. ಮದುವೆಗೆ ಮುಂಚೆ ಅವ್ವ ಒಂದು ಸಲ ಆ ಮಾತು ತೆಗೆದು ತಾನೇ ನುಂಗಿಕೊಂಡಿದ್ದಳು. “ಊರಽ ಇಲ್ಲ, ಇನ್ನ ಊರ ನೀರ ಎಲ್ಲಿಂದ ತರೂದು? ಬೋರಿನ ನೀರ ಹಾಕಿ ಮುಗಸೂಣು.” ಮಾಮಾ ಅಲ್ಲೇ ಕುಳಿತು ಬ್ಲೇಡು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಆ ಬೆಳಿಗ್ಗೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮೊದಲ ತಂಬಿಗೆ ಹಾಕಬೇಕಾದ ಮಾಮಾ ಇಲ್ಲ. ಕೊಟ್ಟಿಗೆಯಲ್ಲಿ ನೋಡಿದರೆ ಮೊಪೆಡ್ಡೂ ಇಲ್ಲ, ಕ್ಯಾನೂ ಇಲ್ಲ.

“ಮತ್ತೇನೈತಿ, ದಾಡಿ ನೀರಿಗೆ ಹೋಗ್ಯಾರ,” ಎಂದು ಅತ್ತೆ ಹಣೆ ಬಡಿದುಕೊಂಡಳು.

ಹಂದರದ ತುಂಬ ಜನ ನಕ್ಕರು. ಅರಿಷಿಣ ನನ್ನ ಮೈಮೇಲೆ ಒಣಗಿ ಬಿರಿಯತೊಡಗಿತು. ಅಕ್ಕಿಕಾಳು ಬೀಳುವ ಮುಹೂರ್ತ ದಾಟುತ್ತದೆ, ಬೇರೆ ಯಾರಾದರೂ ಹಾಕಿಬಿಡಿ ಎಂದು ಐನೋರು ಅವಸರ ಮಾಡಿದರು. ಅವ್ವ ತಲೆ ತಗ್ಗಿಸಿ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಅಪ್ಪನಿಲ್ಲದ ಹುಡುಗಿಗೆ ಒಂದು ದಿನ, ಒಂದೇ ಒಂದು ದಿನ, ತನ್ನ ಗಲ್ಲ ಬಿಟ್ಟು ಮುಂದೆ ನಿಲ್ಲಲಾಗಲಿಲ್ಲವೇ ಈ ಮನುಷ್ಯನಿಗೆ? ಬಂದರೆ ಮುಖ ನೋಡುವುದಿಲ್ಲ, ಮಾತಾಡಿಸುವುದಿಲ್ಲ ಎಂದು ಹಲ್ಲು ಕಚ್ಚಿ ಕುಳಿತೆ.

ಮೊಪೆಡ್ಡಿನ ಸದ್ದು ಕೇಳಿತು. ಮಾಮಾ ಕ್ಯಾನು ತಬ್ಬಿಕೊಂಡು ಬಂದ. ಮೊಣಕಾಲಿನ ತನಕ ಕರಿ ರಾಡಿ. ಮುಖ ನೋಡುವುದಿಲ್ಲ ಎಂದಿದ್ದವಳು ನೋಡಿಬಿಟ್ಟೆ. ಗಲ್ಲದ ತುಂಬ ಬಿಳಿ ಗಡ್ಡ. ಮಾಮಾನಿಗೆ ಬಿಳಿ ಗಡ್ಡ ಬರುತ್ತದೆ ಎಂದು ನನಗೆ ಗೊತ್ತಾದದ್ದು ಅಂದೇ.

“ಎಲ್ಲಿಗೆ ಹೋಗಿದ್ರಿ?” ಎಂದೆ. ಕೂಗಿದೆ ಎನ್ನಬೇಕು.

“ಊರಿಗೆ,” ಎಂದ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ಒಂದಿಷ್ಟು ಕಲ್ಲುಗಳು ಮೇಲೇಳುತ್ತವೆ. ಕೆಸರಿನಲ್ಲಿ ಇಳಿದು, ತಾನು ದಾಡಿ ಮಾಡಿಕೊಳ್ಳುತ್ತಿದ್ದ ಪಾವಟಿಗೆಯ ಹತ್ತಿರ ಹೋಗಿ ಕ್ಯಾನು ತುಂಬಿದ್ದ. ನೀರು ಬರೀ ರಾಡಿ. ದಾಡಿಯ ಡಬ್ಬಿಯ ಪಟಕ ತೆಗೆದು ಅದರಲ್ಲಿ ತಿರುಗಿಸಿ, ರಾಡಿ ತಳ ಸೇರುವ ತನಕ ಅದೇ ಕಲ್ಲಿನ ಮೇಲೆ ಕುಳಿತು, ತಿಳಿನೀರನ್ನಷ್ಟೇ ಉಳಿಸಿಕೊಂಡು ಬಂದಿದ್ದ. ಅದಕ್ಕೇ ತಡ. ನೀರಿನ ಅವಸರ ನೀರಿಗೆ ಗೊತ್ತು, ನಾ ಏನ ಮಾಡ್ಲಿ ಎಂದು ಐನೋರ ಮೇಲೆಯೇ ರೇಗಿದ.

ಅವ್ವ ಅವನ ಕಾಲಿನ ರಾಡಿಯನ್ನೇ ನೋಡುತ್ತಿದ್ದಳು. “ಅಣ್ಣಾ, ನಾ ಅರಬಿ ಒಗಿಯೂ ಕಲ್ಲು ಐತೇನು?”

“ಐತಿ. ಅಲ್ಲೇ ಐತಿ.”

ಮೊದಲ ತಂಬಿಗೆ ನೀರನ್ನು ಮಾಮಾ ಹಾಕಿದ. ಕ್ಯಾನು ಬೋರಲು ಹಾಕಿ ಕೊನೆಯ ಹನಿಯನ್ನೂ ಸುರಿದ. ಬೆಳಗಿನ ನೀರು, ತಣ್ಣಗಿತ್ತು.

ಆಮೇಲೆ ನನ್ನನ್ನು ಹಂದರಕ್ಕೆ ಕರೆದೊಯ್ಯಲು ಬಂದಾಗ ದಾಡಿಯಾಗಿತ್ತು. ಗಲ್ಲ ಕೆಂಡದಂತೆ, ಗದ್ದದ ಕೆಳಗೆ ರಕ್ತ.

“ಇದೇನ್ರಿ ಮಾಮಾ?”

“ಬೋರಿನ ನೀರು.”

“ಒಂದ ಬಟ್ಟಲ ಹೊಳಿ ನೀರ ಉಳಿಸ್ಕೊಳ್ಳಾಕ ಆಗಲಿಲ್ಲೇನ್ರಿ?”

“ಅದು ನಿನ್ನ ನೀರವ್ವಾ. ಅದರಾಗ ನಾ ಹೆಂಗ ದಾಡಿ ಮಾಡ್ಕೊಳ್ಳಿ?”

“ಬಾಟ್ಲಿ ಔಷಧಾನರ ಹಚ್ಕೋಬೇಕಿತ್ತಿಲ್ರಿ?”

ಮಾಮಾ ನನ್ನ ಕೈ ಹಿಡಿದು ನಡೆಯುತ್ತಲೇ, ಯಾರಿಗೂ ಕೇಳಿಸದಂತೆ ಹೇಳಿದ: “ಅದನ್ನ ನಿನ್ನ ಟ್ರಂಕಿನಾಗ ಇಟ್ಟೇನಿ, ಸೀರಿ ನಡುವ. ಬನಹಟ್ಟಿ ನೀರು ನಿನಗ ಹೊಸಾದು. ಒಗ್ಗೂತನಕ ಭಾಳ ಉರೀತೈತಿ. ನನಗ ಗೊತ್ತೈತಿ.”

ಅಕ್ಕಿಕಾಳು ಬೀಳುವಾಗ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ತವರು ಬಿಡುವ ಹುಡುಗಿ, ಅಳುತ್ತಾಳೆ ಬಿಡಿ ಎಂದರು ಎಲ್ಲರೂ. ನನಗೆ ಸಿಟ್ಟು ಬಂದಿತ್ತು ಎಂದರೆ ಯಾರು ನಂಬುತ್ತಾರೆ? ಇಷ್ಟು ವರ್ಷ ಉರಿಯುತ್ತಿದ್ದದ್ದು ಗಲ್ಲವೊಂದೇ ಎಂದು ನಮ್ಮನ್ನೆಲ್ಲ ನಂಬಿಸಿ ನಗಿಸಿದನಲ್ಲ, ಆ ಸಿಟ್ಟು. ಒಂದು ದಿನ ಕುಳಿತು ನಮ್ಮ ಜೊತೆ ಅತ್ತಿದ್ದರೆ ಏನಾಗುತ್ತಿತ್ತು?

ಬನಹಟ್ಟಿಯ ನೀರಿನಲ್ಲಿ ಸಾಬೂನು ಚೆನ್ನಾಗಿಯೇ ನೊರೆ ಬಂತು. ಆದರೂ ಮೊದಲ ಬೆಳಿಗ್ಗೆ ಮುಖ ತೊಳೆದು, ಟ್ರಂಕು ತೆಗೆದು, ಬಾಟಲಿಯ ಮುಚ್ಚಳ ಬಿಚ್ಚಿ ಅರಳೆಗೆ ಹಾಕಿಕೊಂಡು ಗಲ್ಲಕ್ಕೆ ಒತ್ತಿದೆ. ಹೊಸ ಮನೆಯವರೆಲ್ಲ ಹಿತ್ತಲಲ್ಲಿ ಚಹಾ ಕುಡಿಯುತ್ತಾ ನನ್ನನ್ನು ಕರೆಯುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದೆ.