ಅರಳಿಲಿಗೊಂದು ಸ್ಥಳ ಮಹಜರು

ಮನೆತನದಲ್ಲಿ ಮೊತ್ತಮೊದಲು ಪದವಿ ಪಡೆದವರಿಗೆ ಉತ್ಸಾಹವೆಂಬುದು ಬಹಿರಂಗವಾಗಿ ತೋರಬಾರದ ಒಂದು ದೌರ್ಬಲ್ಯ. ಹೀಗೆಂದು ಯಾರೂ ವಿಧಿಸಿಲ್ಲ. ನಾನೇ ವಿಧಿಸಿಕೊಂಡು ಶ್ರದ್ಧೆಯಿಂದ ಪಾಲಿಸುತ್ತ ಬಂದಿದ್ದೇನೆ. ಕೋಲಸಿರ್ಸಿಯ ನಮ್ಮ ಕೇರಿಯಲ್ಲಿ ಯಾರ ಮನೆಗೆ ಯಾವ ಕಾಗದ ಬಂದರೂ ಅದು ಮೊದಲು ನನ್ನ ಕೈಗೆ ಬರುತ್ತದೆ. ಕಂದಾಯದ ತಗಾದೆಯನ್ನೂ ಮದುವೆಯ ಕರೆಯೋಲೆಯನ್ನೂ ನಾನು ಒಂದೇ ಗಾಂಭೀರ್ಯದಿಂದ ಓದಿ ಹೇಳುತ್ತೇನೆ. ಸಿದ್ದಾಪುರ ಪೇಟೆಯಲ್ಲಿ ಅರ್ಜಿ ಬರೆದುಕೊಡುವ, ಜೆರಾಕ್ಸ್ ಮಾಡುವ ಅಂಗಡಿಯೊಂದರಲ್ಲಿ ನನಗೆ ಉದ್ಯೋಗ. ಅಲ್ಲಿಯೂ ನಾನು ನಕ್ಕದ್ದನ್ನು ಕಂಡವರು ವಿರಳ. ಇಂತಹ ನಾನು, ಅರಳಿಲು ಅಭಿಮಾನಿ ಬಳಗದ ಕಾರ್ಯದರ್ಶಿ ಎಂಬ ಸಂಗತಿಯನ್ನು ಓದುಗರ ಮುಂದೆ ವಿನಯಪೂರ್ವಕವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಕೊಳ್ಳುವಾಗ ಎದೆ ಹೊಡೆದುಕೊಳ್ಳುತ್ತಿದೆ; ಅದು ಭಯದಿಂದಲ್ಲ.

ಅರಳಿಲು ಎಂಬ ಪ್ರಾಣಿ ಈ ಜಗತ್ತಿನಲ್ಲಿ ಇಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಅದನ್ನು ಕಲ್ಪಿಸಿದವಳು ಯಲ್ಲಾಪುರದ ಶಬಾನಾ. ಅವಳ ತಂದೆಯದು ಹಾಸಿಗೆ ಹೊಲಿಯುವ ಅಂಗಡಿ. ಒಂದು ದಿನ ಹಳೆಯ ಹಾಸಿಗೆ ಬಿಚ್ಚಿ ಅರಳೆ ಬಡಿಯುತ್ತಿದ್ದಾಗ ಅದರ ಒಂದು ಉಂಡೆ ಹಾರಿಹೋಗಿ ಕಿಟಕಿಯ ಸರಳಿನ ಮೇಲೆ ಕುಳಿತು ತನ್ನನ್ನೇ ದಿಟ್ಟಿಸಿದಂತೆ ಅವಳಿಗೆ ಅನ್ನಿಸಿತಂತೆ. ಅದಕ್ಕೆ ಎರಡು ಕಣ್ಣು, ಅಳಿಲಿನ ಬಾಲ, ವೀಳ್ಯದೆಲೆಯಂತಹ ಕಿವಿಗಳನ್ನಿಟ್ಟು ಮೊಬೈಲಿನಲ್ಲಿಯೇ ಚಿತ್ರ ಬಿಡಿಸಿದಳು. ಅಂದಿನಿಂದ ವಾರಕ್ಕೊಂದರಂತೆ ಬಿಡಿಸುತ್ತಿದ್ದಾಳೆ. ಒಂದರಂತೆ ಇನ್ನೊಂದಿಲ್ಲ. ಬಳಗದ ಸದಸ್ಯರು ಅವನ್ನು ದತ್ತು ಪಡೆಯಬಹುದು. ಪಡೆದವರು ಅದಕ್ಕೊಂದು ಹೆಸರಿಟ್ಟು, ಅದು ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುತ್ತಾರೆ. ಅನಂತರ ಬಳಗದವರೆಲ್ಲರೂ ಅದನ್ನು ನಿಜವೆಂದೇ ನಡೆಸಿಕೊಳ್ಳಬೇಕು. ಸೋಂದಾದ ವಿಶಾಲಕ್ಕನ ಅರಳಿಲಿಗೆ ನೆಗಡಿಯಾದಾಗ, ಶಿರಸಿಯಲ್ಲಿ ಔಷಧಿ ಅಂಗಡಿಯಿರುವ ಸದಸ್ಯರೊಬ್ಬರು ಕಷಾಯದ ಪ್ರಮಾಣವನ್ನು ಕೂಡಲೇ ತಿಳಿಸಿದ್ದರು: ಒಂದು ಹನಿ, ಬಾಲಕ್ಕೆ ತಾಗದಂತೆ. ಅದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಯಾರದೋ ವಾರಸಾ ಅರ್ಜಿಯನ್ನು ಬರೆಯುತ್ತ ಒಬ್ಬಳೇ ಮುಗುಳ್ನಕ್ಕು, ಅರ್ಜಿದಾರರ ಕ್ಷಮೆ ಕೇಳಬೇಕಾಯಿತು.

ಮೊದಲು ದತ್ತಿನ ಕ್ರಮ ಸರಳವಾಗಿತ್ತು. ಭಾನುವಾರ ಶಬಾನಾ ಚಿತ್ರವನ್ನು ಬಳಗದ ಮೊಬೈಲ್ ಗುಂಪಿಗೆ ಕಳುಹಿಸಿದೊಡನೆ ಯಾರು ಮೊದಲು 'ನನಗೆ' ಎಂದು ಬರೆಯುವರೋ ಅವರಿಗೆ. ಇದರಿಂದ ಪೇಟೆಯವರಿಗೆ ಅನುಕೂಲ, ಹಳ್ಳಿಯವರಿಗೆ ಅನ್ಯಾಯ. ವಿಶಾಲಕ್ಕ ಯಾರೊಡನೆಯೂ ತಮ್ಮ ಮನೆಮಾತಿನಲ್ಲಿಯೇ ಮಾತನಾಡುವವರು. ಒಮ್ಮೆ ಧ್ವನಿಸಂದೇಶ ಕಳುಹಿಸಿದರು: "ಯಮ್ಮನೆಲಿ ಸಿಗ್ನಲ್ ಬಪ್ಪದೇ ಹಿತ್ಲ ಕಟ್ಟೆ ಮೇಲೆ ನಿಂತ್ರೆ. ಆನು ಕಟ್ಟೆ ಹತ್ತದ್ರೊಳಗೆ ನಿಂಗ ಎಲ್ಲಾ ಬಾಚ್ಕಂಡು ಆಗಿರ್ತು." ಇದಕ್ಕೊಂದು ನಿಯಮಾವಳಿ ಬೇಕೆಂದು ನಾನು ಸೂಚಿಸಿದೆ. ಸೂಚಿಸಿದವರೇ ಬರೆಯಬೇಕೆಂಬುದು ಎಲ್ಲ ಸಂಘಗಳ ಸಂಪ್ರದಾಯ. ಅರ್ಜಿ ಬರೆಯುವುದೇ ವೃತ್ತಿಯಾದವಳ ಕೈಗೆ ಇಂತಹ ಅವಕಾಶ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಅವರು ಯೋಚಿಸಬೇಕಿತ್ತು. ನಾಲ್ಕು ಪುಟಗಳ ನಮೂನೆ ಸಿದ್ಧವಾಯಿತು. ಅರ್ಜಿದಾರರ ವಿವರ, ಪ್ರಾಣಿ ಸಾಕಿದ ಅನುಭವ, ಇಬ್ಬರು ಸದಸ್ಯರು ಖುದ್ದಾಗಿ ಮನೆಗೆ ಬಂದು ಅರಳಿಲು ಮಲಗುವ ಜಾಗವನ್ನು ನೋಡಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದುಕೊಳ್ಳುವ ಸ್ಥಳ ಮಹಜರು, ಮನೆಯ ಹಿರಿಯರ ಹೇಳಿಕೆ. ಹೇಳಿಕೆಗೂ ಅರ್ಜಿಗೂ ವ್ಯತ್ಯಾಸ ಕಂಡುಬಂದಲ್ಲಿ 'ಯಾವುದೇ ಕಾರಣಕ್ಕೂ' ದತ್ತು ನೀಡತಕ್ಕದ್ದಲ್ಲ.

ಶಬಾನಾ ಫೋನ್ ಮಾಡಿದಳು. "ಸುಮಿತ್ರಕ್ಕಾ, ನಾ ಬಾಲ ಬಿಡಿಸಿದ್ದು ಹತ್ತು ನಿಮಿಷದಾಗ್ರಿ. ನಿಮ್ಮ ಫಾರ್ಮ್ ಓದಾಕ ಅರ್ಧ ತಾಸ್ ಹತ್ತೈತಿ."

"ದತ್ತು ಎಂಬುದು ಗಂಭೀರ ವಿಷಯ," ಎಂದೆ.

ನಿಯಮಾವಳಿ ಸರ್ವಾನುಮತದಿಂದ ಅಂಗೀಕಾರವಾಯಿತು. ಅಷ್ಟೇ ಅಲ್ಲ, ಜನ ಅದನ್ನು ಬಹಳ ಮೆಚ್ಚಿಕೊಂಡರು. ಇಲ್ಲದ ಪ್ರಾಣಿ ಎಲ್ಲಿ ಮಲಗೀತೆಂದು ನೋಡಲು ಶಿರಸಿಯವರು ಯಲ್ಲಾಪುರಕ್ಕೆ, ಯಲ್ಲಾಪುರದವರು ಬಿಳಗಿಗೆ ಬಸ್ ಹತ್ತಿ ಹೋದರು. ಚಹಾ ಕುಡಿದರು, ಮೆತ್ತೆ ಮುಟ್ಟಿ ನೋಡಿದರು, ಸಹಿ ಮಾಡಿದರು. ಮೂರು ತಾಲ್ಲೂಕುಗಳಲ್ಲಿ ನನ್ನ ನಮೂನೆ ಓಡಾಡುತ್ತಿದೆಯೆಂಬ ಸಂಭ್ರಮಕ್ಕೆ ನನಗೆ ಊಟ ಸೇರುತ್ತಿರಲಿಲ್ಲ.

ಆಮೇಲೆ ಆ ಹೊಗೆಬಣ್ಣದ ಅರಳಿಲು ಬಂತು. ಅದರ ಒಂದು ಕಿವಿ ಮಡಚಿಕೊಂಡಿತ್ತು. ಒಂದು ಕುರ್ಚಿಯ ಪಕ್ಕದಲ್ಲಿ, ಕುಳಿತುಕೊಳ್ಳಿ ಎಂದು ಯಾರಾದರೂ ಹೇಳಿಯಾರೆಂದು ಕಾಯುವಂತೆ ನಿಂತಿತ್ತು. ಕಚೇರಿಗಳಲ್ಲಿ ನಾನು ನಿಲ್ಲುವುದು ಥೇಟ್ ಹೀಗೆಯೇ. ಅದು ನನ್ನ ಮನೆಗೆ ಬರಲೇಬೇಕೆಂದು ಆ ಕ್ಷಣವೇ ನಿಶ್ಚಯವಾಯಿತು. ಮಧ್ಯಾಹ್ನದೊಳಗೆ ಅರ್ಜಿ ತುಂಬಿ ಕಳುಹಿಸಿದೆ. ಕಳುಹಿಸಿದ ಮೇಲೆ ಹೊಳೆಯಿತು: ಮಹಜರು ನಡೆಯುವುದು ನಮ್ಮ ಮನೆಯಲ್ಲಿ, ಹೇಳಿಕೆ ಕೊಡಬೇಕಾದವರು ನಮ್ಮ ಅಮ್ಮ. ಬಳಗದ ವಿಚಾರ ಅಮ್ಮನಿಗೆ ಗೊತ್ತೇ ಇರಲಿಲ್ಲ. ಗೊತ್ತಾದರೆ ಕೇರಿಗೆ ಗೊತ್ತಾದಂತೆ. ಅಲ್ಲಿಗೆ ನನ್ನ ಗಾಂಭೀರ್ಯ ಮುಗಿದಂತೆ. ಮಹಜರನ್ನು ಒಲ್ಲೆನೆಂದರೆ ಅರಳಿಲು ಬೇರೆಯವರ ಪಾಲು. ಆಗಲೇ ಇನ್ನೂ ಐದು ಅರ್ಜಿಗಳು ಬಂದಿದ್ದವು. ಎರಡು ದಿನ ತೂಗಿ ನೋಡಿದೆ. ಮಡಚಿದ ಕಿವಿಯೇ ಗೆದ್ದಿತು.

ಮುಂದಿನ ಭಾನುವಾರ ಬೆಳಿಗ್ಗೆ ವಿಶಾಲಕ್ಕ ಮತ್ತು ಶಬಾನಾ ಕೋಲಸಿರ್ಸಿಯಲ್ಲಿ ಬಸ್ಸಿಳಿದರು. 'ನಮ್ಮ ಸಂಸ್ಥೆಯವರು' ಎಂದಷ್ಟೇ ಅಮ್ಮನಿಗೆ ತಿಳಿಸಿದ್ದೆ. ಅವಲಕ್ಕಿ, ಚಹಾ ಆದ ಮೇಲೆ ವಿಶಾಲಕ್ಕ ನೇರವಾಗಿ ಮೊಬೈಲನ್ನೇ ಅಮ್ಮನ ಕೈಗಿತ್ತರು. ನಾನು ಗೋಡೆಯ ಕ್ಯಾಲೆಂಡರನ್ನು ಅಧ್ಯಯನ ಮಾಡತೊಡಗಿದೆ.

"ಎಂತದೆ ಇದು?" ಎಂದು ಅಮ್ಮ ಕೇಳಿದಳು.

"ಅರಳಿಲು ಹೇಳಿ ಹೆಸರು. ನಿಮ್ಮ ಮಗಳು ಇದನ್ನ ಸಾಕ್ತಿ ಹೇಳಿ ಅರ್ಜಿ ಕೊಟ್ಟಿದ್ದು," ಎಂದರು ವಿಶಾಲಕ್ಕ.

ಅಮ್ಮ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇದು ಇಲ್ದಿದ್ದ್ ಪ್ರಾಣಿ ಅಲ್ದಾ?"

"ಹೌದ್ರಿ, ನಾನೇ ಬಿಡಿಸಿದ್ದು," ಎಂದಳು ಶಬಾನಾ.

"ಅಂದ್ರೆ ಹಗ್ಗ ಹರ್ಕಂಡು ಓಡೂದಿಲ್ಲ, ಸಗಣಿ ಬಾಚೂದಿಲ್ಲ. ಅಡ್ಡಿಲ್ಲ, ಲಾಯ್ಕ್ ಇದೆ."

ನನಗೆ ಹೋದ ಜೀವ ಬಂದಂತಾಯಿತು. ಮಹಜರು ಆರಂಭವಾಯಿತು. ಅರಳಿಲು ಮಲಗುವ ಜಾಗದ ಚಕ್ಕುಬಂದಿ: ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ತಗಡಿನ ಪೆಟ್ಟಿಗೆ, ದಕ್ಷಿಣಕ್ಕೆ ಹೊಲಿಗೆ ಯಂತ್ರ, ಉತ್ತರಕ್ಕೆ ಚೌಕಟ್ಟು ಹಾಕಿದ ನನ್ನ ಪದವಿ ಪ್ರಮಾಣಪತ್ರ. ಶಬಾನಾ ಬರೆದುಕೊಳ್ಳುತ್ತಿದ್ದಂತೆ ಅಮ್ಮ ತಡೆದಳು. "ಅಲ್ಲಿ ಬ್ಯಾಡ. ಕಿಟಕಿ ಗಾಳಿ ಬಡೀತದೆ. ಕಿವಿ ಮಡಚ್ಕಂಡದ್ದು ಕಾಣ್ತಿಲ್ದಾ? ಶೀತ ಆಗಿದೆ ಅದಕ್ಕೆ." ಬಿಡಿಸಿದವಳೇ ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ಹೌದ್ ನೋಡ್ರಿ," ಎಂದಳು ಮೆಲ್ಲಗೆ.

ಕೊನೆಗೆ ಹಿರಿಯರ ಹೇಳಿಕೆ. ಪ್ರಾಣಿ ಸಾಕಿದ ಅನುಭವದ ಮುಂದೆ ನಾನು 'ಇದೆ' ಎಂದು ಬರೆದಿದ್ದೆ. ಅದು ಹೌದೇ ಎಂದು ಶಬಾನಾ ಅಮ್ಮನನ್ನು ಕೇಳಿದಳು.

"ಇವಳಿಗಾ? ಸಣ್ಣಕಿದ್ದಾಗ ಒಂದು ಕೋಳಿಪಿಳ್ಳೆ ಕೊಟ್ಟಿದ್ದೆ. ಓದ್ತೆ ಓದ್ತೆ ಅಂತೇಳಿ ಬುಟ್ಟಿ ಮುಚ್ಚೂಕೇ ಮರ್ತ್‌ಲು. ಕೇರಿಯೆಲ್ಲ ತಿರ್ಗಿ ಹುಡ್ಕಿ ತಂದವಳು ನಾನು."

ಶಬಾನಾಳ ಪೆನ್ನು ನಿಂತಿತು. ವಿಶಾಲಕ್ಕ ಕನ್ನಡಕ ಏರಿಸಿ ನಿಯಮವನ್ನು ಗಟ್ಟಿಯಾಗಿ ಓದಿದರು. ವಿಶೇಷ ಸಂದರ್ಭಗಳಲ್ಲಿ ಕಿಂಚಿತ್ ಸಡಿಲಿಕೆಗೆ ಅವಕಾಶವಿರಬಹುದೆಂದು ನಾನು ನಿವೇದಿಸಿಕೊಂಡೆ. ಧ್ವನಿ ಮಾತ್ರ ನಿವೇದನೆಯಂತಿರದೆ ಅಳುವಿನಂತಿತ್ತು.

"ನೀನೇಯ ಬರದ್ದು ತಂಗಿ. 'ಯಾವುದೇ ಕಾರಣಕ್ಕೂ' ಹೇಳಿ ಅಡಿಗೆರೆ ಬೇರೆ ಎಳದ್ದೆ," ಎಂದರು ವಿಶಾಲಕ್ಕ.

ಎರಡು ಗೆರೆ ಎಳೆದಿದ್ದೆ. ಅಮ್ಮ ನನ್ನ ಮುಖವನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿ, "ಹಂಗಾರೆ ನಾ ಕೊಡ್ಲಾ ಅರ್ಜಿ?" ಎಂದಳು.

ಬಳಗದ ಸದಸ್ಯತ್ವಕ್ಕೆ ನಾನು ಯಾವ ವಿದ್ಯಾರ್ಹತೆಯನ್ನೂ ನಿಗದಿಪಡಿಸಿರಲಿಲ್ಲ, ಅದೊಂದು ಮರೆತುಹೋಗಿತ್ತು. ಅಲ್ಲಿಯೇ ಅಮ್ಮ ಸದಸ್ಯೆಯಾದಳು. ನಾನು ನೆಲದ ಮೇಲೆ ಕುಳಿತು ಅವಳ ಅರ್ಜಿ ಬರೆದೆ. ಅನುಭವ: ಮೂರು ಆಕಳು, ಅವುಗಳ ಕರುಗಳು, ಲೆಕ್ಕವಿಡದ ಕೋಳಿಗಳು, ಎರಡು ಬೆಕ್ಕು, ಮರದಿಂದ ಬಿದ್ದು ಹದಿನೈದು ದಿನ ಅವಳ ಮಡಿಲಲ್ಲಿ ಚೇತರಿಸಿಕೊಂಡು ಕಾಡಿಗೆ ಮರಳಿದ ಹಾರುಬೆಕ್ಕಿನ, ಅಂದರೆ ಹಾರುವ ಅಳಿಲಿನ, ಮರಿ. ಹೆಚ್ಚುವರಿ ಹಾಳೆ ಲಗತ್ತಿಸಬೇಕಾಯಿತು. ಇಷ್ಟು ಬಲವಾದ ಅರ್ಜಿಯನ್ನು ನಾನು ವೃತ್ತಿಯಲ್ಲಿ ಎಂದೂ ಬರೆದಿರಲಿಲ್ಲ. ಬರೆಯುತ್ತ ಬರೆಯುತ್ತ ನನ್ನ ಸೋಲು ಮರೆತು ಹುರುಪು ಬಂತು. ಅದನ್ನು ಬಳಗಕ್ಕೆ ಕಳುಹಿಸಿದಾಗ ಉಳಿದ ಐವರೂ ತಾವಾಗಿಯೇ ಹಿಂದೆ ಸರಿದರು. ಹೊಗೆಬಣ್ಣದ ಅರಳಿಲು ಅಮ್ಮನದಾಯಿತು. ಹೆಸರು ಬೂದ. ಅದು ಗುಡುಗಿಗೆ ಹೆದರುವುದಿಲ್ಲ, ಕುಕ್ಕರಿನ ಸಿಳ್ಳೆಗೆ ಹೆದರುತ್ತದೆ.

ಈಗ ಕೇರಿಯವರು ಕಾಗದ ಹಿಡಿದು ಬಂದರೆ ಮೊದಲು "ಬೂದ ಹುಷಾರಾ?" ಎಂದು ಅಮ್ಮನನ್ನು ವಿಚಾರಿಸಿ, ಅನಂತರ ನನ್ನತ್ತ ತಿರುಗುತ್ತಾರೆ. ಗಾಂಭೀರ್ಯ ಹೋಗಿಯೇ ಹೋಯಿತು. ಅದನ್ನು ಯಾರೂ ಗಮನಿಸದಿದ್ದುದು ಮಾತ್ರ ಸ್ವಲ್ಪ ನೋವಿನ ಸಂಗತಿ. ನಾನು ಅಂಗಡಿಯಲ್ಲಿದ್ದಾಗ ಅಮ್ಮನ ಫೋನ್ ಬರುತ್ತದೆ: "ಹೋಗೂ ಮುಂಚೆ ಬೂದಂಗೆ ಬಾಳೆಹಣ್ಣು ಇಟ್ಟಿದ್ಯಾ?" ಎದುರಿಗೆ ಅರ್ಜಿದಾರರು ಸಾಲಾಗಿ ನಿಂತಿರುತ್ತಾರೆ. "ಸದರಿಯವರಿಗೆ ಒದಗಿಸಲಾಗಿದೆ," ಎಂದು ನಾನು ತಗ್ಗಿದ ದನಿಯಲ್ಲಿ ಉತ್ತರಿಸುತ್ತೇನೆ.

ಕಳೆದ ವಾರ ಶಬಾನಾ ಮತ್ತೊಂದನ್ನು ಬಿಡಿಸಿದಳು. ಅರಿಸಿನ ಬಣ್ಣ, ಬಾಲವನ್ನೇ ಹೊದ್ದುಕೊಂಡು ಕುಳಿತಿದೆ. ಈ ಸಲ ತಪ್ಪಬಾರದೆಂದು, ಅಮ್ಮನಿಂದ ಪಡೆಯಬೇಕಾದ ಅನುಭವ ಪ್ರಮಾಣಪತ್ರವನ್ನು ನಾನೇ ಟೈಪು ಮಾಡಿ ತಂದೆ. 'ಸದರಿಯವರು ಬೂದನನ್ನು ತೃಪ್ತಿಕರವಾಗಿ ನೋಡಿಕೊಂಡಿರುತ್ತಾರೆ ಎಂದು ದೃಢೀಕರಿಸಲಾಗಿದೆ.' ಅಮ್ಮ ಎರಡು ಸಲ ಓದಿಸಿ ಕೇಳಿ, "ತೃಪ್ತಿಕರ ಅಂದ್ರೆ ಎಂತ?" ಎಂದಳು.

"ಚೆನ್ನಾಗಿ ನೋಡಿಕೊಂಡಿದ್ದೇನೆ ಅಂತ."

ಅಮ್ಮ ಪೆನ್ನನ್ನು ಕೆಳಗಿಟ್ಟಳು. "ಇನ್ನೊಂದ್ ಆರ್ ತಿಂಗ್ಳು ಕಾಂಬ."

ಸದ್ಯಕ್ಕೆ ನಾನು ಬೂದನ ಹಂಗಾಮಿ ಪಾಲಕಿ. ನನ್ನ ಸೇವೆಯನ್ನು ಕಾಯಂಗೊಳಿಸುವುದು ಅಮ್ಮನ ವಿವೇಚನೆಗೆ ಬಿಟ್ಟದ್ದು.